ಒಂದ್ಸಲ ಕಣ್ಣಿಟ್ಟು ನೋಡಿ

"ಬೀರು ಎತ್ತಬೇಡಿ, ತಳ್ಳಿ. ಅದರ ಕಾಲು ಮುರಿದಿದೆ, ಎತ್ತಿದ್ರೆ ಮೈಮೇಲೇ ಬೀಳುತ್ತೆ," ಎಂದು ಡ್ರೈವರನ ಹೆಂಡತಿ ಬಾಗಿಲ ಬಳಿಯಿಂದ ಹೇಳಿದಳು. ಬೆಳಗ್ಗೆಯಿಂದ ಅವಳು ಆಡಿದ ಮೊದಲ ಪೂರ್ತಿ ಮಾತು ಅದು.

ತೀರಿಹೋದ ಡ್ರೈವರನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಬೀರು ಸರಿಯದೆ ಅವನನ್ನು ಹೊರಗೆ ಸಾಗಿಸುವಂತಿರಲಿಲ್ಲ. ಅವಳ ಅಣ್ಣ ಒಂದು ಕಡೆ, ಕನ್ನಡಕದಂಗಡಿಯವನು ಇನ್ನೊಂದು ಕಡೆ ಹೆಗಲು ಕೊಟ್ಟು ತಳ್ಳಿದರು. ಬೀರುವಿನ ಹಿಂದಿನಿಂದ ಉದ್ದನೆಯ ಕಪ್ಪು ಪೆಟ್ಟಿಗೆಯೊಂದು ಜಾರಿ ದಢಾರನೆ ಬಿತ್ತು. ಅತ್ತು ಸುಸ್ತಾಗಿ ಕೂತವರೆಲ್ಲ ಬೆಚ್ಚಿ ತಲೆಯೆತ್ತಿದರು.

"ಏನೇ ಇದು?" ಎಂದ ಅಣ್ಣ.

"ರೈಫಲ್. ಕ್ಲಬ್ಬಲ್ಲಿ ಗುರಿ ಹೊಡೀತಿದ್ರಲ್ಲ, ಅದು." ಅವಳು ಕನ್ನಡಕದವನ ಕಡೆ ತಿರುಗಿದಳು. "ನಿಮಗೇ ಮಾರ್ಬೇಕು ಅಂತ ಮೂರು ತಿಂಗಳಿಂದ ಒಂದೇ ಜಪ ಅವರದು. ನೋಡಿ ಬೇಕೋ ಬೇಡ್ವೋ ಹೇಳ್ಬಿಡಿ ಅಣ್ಣ. ಸಂಜೆ ಕ್ಲಬ್ಬಿನವರು ಬಂದು ಒಯ್ತಾರಂತೆ. ಆಮೇಲೆ ಯಾರ ಪಾಲಾಗುತ್ತೋ ಏನೋ."

"ಈಗ ಬೇಡಮ್ಮ..."

"ಈಗ್ಲೇ ನೋಡಿ. ಅವರು ಇನ್ನೂ ಮನೇಲಿರೋವಾಗ್ಲೇ."

ಕನ್ನಡಕದವನು ಪೆಟ್ಟಿಗೆ ಎತ್ತಿಕೊಂಡು ಒಳಕೋಣೆಗೆ ಹೋದ. ಹೊರಗೆ ಅಣ್ಣನ ಕೂಗು ಶುರುವಾಗಿತ್ತು.

"ಆ ಗ್ರೀಸ್ ಗೇಟ್ ಹತ್ರ ನಿಂತಿದಾನೆ ನೋಡ್ರೀ! ಕೊಂದೋನೇ ಕೈಕಟ್ಕೊಂಡು ನಿಂತಿದಾನೆ!"

ಗ್ರೀಸ್ ಎಂದರೆ ಡಿಪೋದ ಮೆಕ್ಯಾನಿಕ್. ಮೂರು ದಿನದ ಹಿಂದೆ, ಜನರನ್ನೆಲ್ಲ ಇಳಿಸಿ ಡಿಪೋಗೆ ಮರಳುತ್ತಿದ್ದ ಬಸ್ಸು ಸೇತುವೆಯ ಬಲಗಡೆಯ ಗೋಡೆ ಒಡೆದುಕೊಂಡು ಕೆಳಗೆ ಬಿದ್ದಿತ್ತು. ಅದರಲ್ಲಿ ಡ್ರೈವರನೊಬ್ಬನೇ ಇದ್ದ. ಇಪ್ಪತ್ತಾರು ವರ್ಷ ಒಂದು ಗೀರೂ ಬೀಳದಂತೆ ಬಸ್ಸು ಓಡಿಸಿದವನು. ಹಾಗಾದರೆ ಬ್ರೇಕ್ ಕೈಕೊಟ್ಟಿರಬೇಕು ಎಂದು ಡಿಪೋದವರು ಒಂದೇ ದಿನದಲ್ಲಿ ತೀರ್ಮಾನಿಸಿದರು. ಬ್ರೇಕ್ ನೋಡಿ ಸಹಿ ಹಾಕಿದ್ದು ಗ್ರೀಸ್. ಕೆಲಸ ಹೋಯಿತು. ಇನ್ನು ಪೊಲೀಸರು ಬರುವುದಷ್ಟೇ ಬಾಕಿ.

ಮಂಚದ ಮೇಲೆ ಕೂತು ಕನ್ನಡಕದವನು ಪೆಟ್ಟಿಗೆ ತೆರೆದ. ಡ್ರೈವರ್ ತನ್ನ ತೋಳು, ತನ್ನ ಕೆನ್ನೆಯ ಅಳತೆ ಕೊಟ್ಟು ಮಾಡಿಸಿದ ರೈಫಲ್ ಅದು. ಕೆನ್ನೆ ಒರಗುವ ಕಡೆ ಮರ ಸವೆದು ನುಣುಪಾಗಿತ್ತು. ಇವನ ಹಿಂಜರಿಕೆಯೂ ಅದೇ ಆಗಿತ್ತು: ಇನ್ನೊಬ್ಬನ ಅಳತೆಗೆ ಹೊಲಿದ ಅಂಗಿ ನನಗೇಕೆ? ಆದರೂ ಕೆನ್ನೆಯೊರಗಿಸಿ, ಗುರಿ ನೋಡುವ ಹಿಂದಿನ ಸಣ್ಣ ತೂತಿಗೆ ಕಣ್ಣಿಟ್ಟು, ಕಿಟಕಿಯಾಚೆಯ ಗೇಟಿನತ್ತ ನೋಡಿದ.

ಗೇಟು ಕಲಸಿಹೋಗಿತ್ತು. ಅಲ್ಲಿ ನಿಂತಿದ್ದ ಗ್ರೀಸ್ ಒಂದು ಕಂದು ಮಚ್ಚೆ, ಅಷ್ಟೇ.

ತೂತಿನ ಸುತ್ತಲಿನ ಬಳೆಯನ್ನು ತಿರುಗಿಸಿದ. ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ ಒಂದು ಗಾಜು ಅಂಗೈಗೆ ಬಿತ್ತು. ಅಂಚಿನಲ್ಲಿ ಒಂದು ಕಡೆ ಸಣ್ಣ ಚಕ್ಕೆ ಎದ್ದಿತ್ತು. ಆ ಚಕ್ಕೆ ಎಬ್ಬಿಸಿದವನು ತಾನೇ. ಗಾಜನ್ನು ಜೇಬಿಗೆ ಹಾಕಿಕೊಂಡ.

*

"ನೆಂಟನ ರೈಫಲ್ಲಿನ ತೂತಿಗೆ ಒಂದು ಗಾಜು ಬೇಕು ಕಣ್ರೀ ಡಾಕ್ಟ್ರೇ. ಬೇರೆ ಊರಿನ ಕ್ಲಬ್ಬಲ್ಲಿ ಹೊಡೀತಾನೆ," ಎಂದು ಐದಾರು ತಿಂಗಳ ಹಿಂದೆ ಡ್ರೈವರ್ ಚೀಟಿ ಮುಂದಿಟ್ಟಿದ್ದ. ಕನ್ನಡಕದವನು ಡಾಕ್ಟರಲ್ಲ, ಆದರೆ ಡ್ರೈವರ್ ಕರೆಯುತ್ತಿದ್ದದ್ದೇ ಹಾಗೆ. ಮಧ್ಯಾಹ್ನದ ಎರಡು ಟ್ರಿಪ್ಪುಗಳ ನಡುವೆ ದಿನವೂ ಅಂಗಡಿಗೆ ಬಂದು, ಚಹಾ ಕುಡಿದು, ಗೋಡೆಯ ಅಕ್ಷರಗಳ ಪಟ್ಟಿಗೆ ಎದುರಾಗಿ ಅರ್ಧ ಗಂಟೆ ಕೂರುವುದು ಅವನ ಅಭ್ಯಾಸ.

ಚೀಟಿಯಲ್ಲಿ ಬಲಗಣ್ಣಿನ ನಂಬರ್ ಮಾತ್ರ ಇತ್ತು. ಆರೂವರೆ.

"ನಿನ್ನ ನೆಂಟನಿಗೆ ಗುರಿ ಬಿಡಯ್ಯಾ, ಗೋಡೆ ಕಂಡ್ರೆ ಸಾಕು!" ಎಂದು ಕನ್ನಡಕದವನು ನಕ್ಕಿದ್ದ. ಡ್ರೈವರನೂ ನಕ್ಕ. ಸ್ವಲ್ಪ ಹೆಚ್ಚೇ ನಕ್ಕ.

ಗಾಜು ಉಜ್ಜುವಾಗ ಅಂಚಿನಲ್ಲಿ ಚಕ್ಕೆ ಎದ್ದಿತ್ತು. ಇನ್ನೊಂದು ಮಾಡಿಕೊಡುತ್ತೇನೆ ಎಂದರೆ, "ಇರಲಿ ಬಿಡಿ, ನಡೆಯುತ್ತೆ" ಎಂದು ಒಯ್ದಿದ್ದ.

ಅದಾದ ಎರಡು ತಿಂಗಳಿಗೆ ಡಿಪೋದ ವಾರ್ಷಿಕ ಪರೀಕ್ಷೆ. ಡ್ರೈವರುಗಳ ಕಣ್ಣು ನೋಡುವ ಕೆಲಸ ಇವನ ಅಂಗಡಿಯದೇ. ನಂಬರ್ ನಾಲ್ಕು ದಾಟಿದರೆ ಸ್ಟೀರಿಂಗ್ ಬಿಡಿಸಿ ಗೇಟು ಕಾಯಲು ಹಾಕುತ್ತಿದ್ದರು. ಡ್ರೈವರ್ ಎಡಗಣ್ಣು ಮುಚ್ಚಿಕೊಂಡು ಪಟ್ಟಿಯ ಕೊನೆಯ ಸಾಲನ್ನು ಗಿಣಿಯಂತೆ ಒಪ್ಪಿಸಿದ. ಎಲ್ಲಿಯೂ ತಡವರಿಸಲಿಲ್ಲ. "ಹದ್ದಿನ ಕಣ್ಣಪ್ಪಾ ನಿಂದು!" ಎಂದು ಕನ್ನಡಕದವನು ಸಹಿ ಹಾಕಿದ. ಯಾಕೋ ಆ ದಿನ ಡ್ರೈವರ್ ಚಹಾ ಕುಡಿಯದೆ ಎದ್ದುಹೋದ.

ರೈಫಲ್ ಮಾರುವ ಮಾತು ಶುರುವಾದದ್ದು ಆಮೇಲೆ.

"ಬೇರೆ ಯಾರಿಗೂ ಕೊಡಲ್ಲ ಡಾಕ್ಟ್ರೇ. ನೀವೇ ತಗೋಬೇಕು. ಒಂದ್ಸಲ ಕಣ್ಣಿಟ್ಟು ನೋಡಿ, ಆಮೇಲೆ ಏನು ಹೇಳ್ತೀರೋ ಹೇಳಿ. ಕೇಳ್ತೀನಿ."

"ನೋಡೋಣ ಬಿಡಯ್ಯಾ, ಏನವಸರ?"

ಎಷ್ಟು ಸಲ ಹಾಗೆಂದಿದ್ದನೋ. ಒಂದು ಭಾನುವಾರ ಡ್ರೈವರ್ ಪೆಟ್ಟಿಗೆಯನ್ನು ಅಂಗಡಿಯವರೆಗೂ ಹೊತ್ತು ತಂದಿದ್ದ. ಗಿರಾಕಿಗಳಿದ್ದರು. ಮೂಲೆಯಲ್ಲಿ ಒಂದು ಗಂಟೆ ಕಾದು, ಹಾಗೇ ಹೊತ್ತುಕೊಂಡು ಹೋಗಿದ್ದ.

*

ಮಣ್ಣು ಮಾಡುವಾಗ ಬಿಸಿಲು ನೆತ್ತಿಯ ಮೇಲಿತ್ತು. ಗ್ರೀಸ್ ದೂರದಲ್ಲಿ, ಕಾಂಪೌಂಡಿನ ಗೋಡೆಗೆ ಅಂಟಿಕೊಂಡು ನಿಂತಿದ್ದ. ಕನ್ನಡಕದವನ ಪಕ್ಕದಲ್ಲಿದ್ದ ಮುದುಕಿ, ಆಸ್ಪತ್ರೆಯಲ್ಲಿ ಕಸ ಗುಡಿಸುವವಳು, ಸೆರಗಿನಿಂದ ಮೂಗೊರೆಸಿಕೊಂಡಳು.

"ಹನ್ನೊಂದು ವರ್ಷ ಅವನ ಬಸ್ಸಲ್ಲೇ ಕೆಲಸಕ್ಕೆ ಹೋದೆನಪ್ಪಾ. ರಸ್ತೆಯ ಆ ಬದಿಯಿಂದ ನಾನು ಓಡಿ ಬರೋದು ಕಂಡ್ರೆ ಸಾಕು, ನಿಲ್ಲಿಸಿಬಿಡ್ತಿದ್ದ. 'ಓಡಬೇಡ ಅಜ್ಜೀ, ಬಸ್ಸು ನಿಂದೇ' ಅನ್ತಿದ್ದ."

"ಒಳ್ಳೆಯವನು," ಎಂದ ಕನ್ನಡಕದವನು.

"ಈಚೀಚೆಗೆ ನಿಲ್ಲಿಸ್ತಿರಲಿಲ್ಲ. ಕೈ ಬೀಸಿದ್ರೂ ನೋಡದ ಹಾಗೆ ಹೋಗಿಬಿಡ್ತಿದ್ದ. ನನ್ನ ಮೇಲೆ ಏನು ಕೋಪವೋ ಅನ್ಕೊಂಡೆ. ಕೇಳೋಣ ಅನ್ನೋಷ್ಟರಲ್ಲಿ..."

ಕನ್ನಡಕದವನು ಜೇಬಿನೊಳಗೆ ಗಾಜನ್ನು ಬಿಗಿಯಾಗಿ ಹಿಡಿದುಕೊಂಡ.

*

ಮರಳಿ ಮನೆಗೆ ಬಂದಾಗ ಅವಳು ಬಾಗಿಲಲ್ಲೇ ಕೇಳಿದಳು.

"ನೋಡಿದ್ರಾ? ನಾನೂ ಒಂದಿನ ಕಣ್ಣಿಟ್ಟಿದ್ದೆ. ಬರೀ ಮಂಜು. ಕೆಟ್ಟುಹೋಗಿದ್ರೆ ಬೇಡ ಬಿಡಿ ಅಣ್ಣ."

"ಕೆಟ್ಟಿಲ್ಲಮ್ಮ. ತಗೋತೀನಿ."

ಹೇಳಿ ಮುಗಿಸಿದಾಗ ನಿರಾಳವೆನಿಸಿತು, ಮರುಕ್ಷಣ ನಾಚಿಕೆಯಾಯಿತು. ಗಾಜು ಅಂಗಡಿಯ ಡ್ರಾಯರಿನಲ್ಲಿರುವ ಸಾವಿರ ಗಾಜುಗಳ ಜೊತೆ ಸೇರಿಹೋಗುತ್ತದೆ. ಸತ್ತವನ ಹೆಸರು ಉಳಿಯುತ್ತದೆ, ತನ್ನ ಸಹಿಯೂ ಉಳಿಯುತ್ತದೆ. ಬ್ರೇಕೂ ಕೆಟ್ಟಿರಬಹುದಲ್ಲ? ಯಾರು ಕಂಡವರು?

ಪೆಟ್ಟಿಗೆ ಹೊತ್ತು ಗೇಟಿಗೆ ಬಂದ. ಗ್ರೀಸ್ ಇಲ್ಲಿಗೂ ಬಂದಿದ್ದ. ಸ್ಕೂಟರಿನ ಹಿಂಬದಿಗೆ ಪೆಟ್ಟಿಗೆ ನಿಲ್ಲದೆ ವಾಲುವುದನ್ನು ನೋಡಿ ಮುಂದೆ ಬಂದ, ಕೈಯನ್ನು ಪ್ಯಾಂಟಿಗೆ ಎರಡೆರಡು ಸಲ ಒರೆಸಿಕೊಂಡು, "ನಾನು ಕಟ್ಟಿಕೊಡ್ಲಾ ಸಾರ್?" ಎಂದ.

ಒಳಗಿನಿಂದ ಅಣ್ಣ ಕೂಗಿದ. "ಅವನ ಕೈಯಲ್ಲಿ ಏನೂ ಮುಟ್ಟಿಸಬೇಡಿ! ನಿಮ್ಮನ್ನೂ ಮಣ್ಣಿಗೆ ಕಳಿಸ್ತಾನೆ!"

ಗ್ರೀಸ್ ತಲೆಯೆತ್ತಲಿಲ್ಲ. ಹಗ್ಗವನ್ನು ಅಡ್ಡ, ಉದ್ದ, ಮತ್ತೆ ಅಡ್ಡ ಸುತ್ತಿ ಬಿಗಿದ. ಗಂಟನ್ನು ಎಳೆದೆಳೆದು ನೋಡಿದ. ಆಮೇಲೆ ರೂಢಿಯಂತೆ ಅವನ ಕೈ ಸ್ಕೂಟರಿನ ಬ್ರೇಕಿಗೆ ಹೋಯಿತು.

"ಸ್ವಲ್ಪ ಸಡಿಲ ಇದೆ ಸಾರ್. ಎರಡೇ ನಿಮಿಷ." ಅಲ್ಲೇ ಮಣ್ಣಿನಲ್ಲಿ ಮಂಡಿಯೂರಿ ಕೂತು, ಜೇಬಿನಿಂದ ಸಣ್ಣ ಸ್ಪ್ಯಾನರ್ ತೆಗೆದ. ಬಿಗಿ ಮಾಡಿದ. ಚಕ್ರ ತಿರುಗಿಸಿ ನೋಡಿದ. ಮತ್ತೆ ಬಿಚ್ಚಿ, ಮತ್ತೆ ಬಿಗಿ ಮಾಡಿದ. ಮೂರನೆಯ ಸಲವೂ ಬಿಚ್ಚಿ ಬಿಗಿದ.

"ಸರಿ ಇದೆಯಾ ಸಾರ್? ನೀವೇ ಒಂದ್ಸಲ ನೋಡ್ಬಿಡಿ. ಆ ಬಸ್ಸಿಂದೂ ಹೀಗೇ ನೋಡಿದ್ದೆ. ನೋಡಿದ್ದೆ ಅಂತಾನೇ ನೆನಪು. ಈಗ ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ."

ಕನ್ನಡಕದವನು ಬ್ರೇಕ್ ಹಿಡಿದು ನೋಡಿದ. ಅದು ಗಟ್ಟಿಯಾಗಿ ಕಚ್ಚಿ ನಿಂತಿತು.

ಅವನು ಸ್ಕೂಟರನ್ನು ಮತ್ತೆ ಸ್ಟ್ಯಾಂಡಿಗೆ ಹಾಕಿದ.

"ಅಮ್ಮಾ," ಎಂದು ಮನೆಯ ಕಡೆ ಕೂಗಿದ. "ನಿಮ್ಮಣ್ಣನ್ನ ಕರ್ಕೊಂಡು ಇಲ್ಲಿ ಬನ್ನಿ. ಎಲ್ಲರೂ ಬನ್ನಿ. ಈ ರೈಫಲ್ಲಲ್ಲಿ ಒಂದು ತೋರಿಸೋದಿದೆ."

ಅವಳು ಹೊಸಿಲು ದಾಟಿ ಬಂದಳು. ಅವಳ ಹಿಂದೆ ಅಣ್ಣ, ಅವನ ಹಿಂದೆ ಉಳಿದವರು. ಕನ್ನಡಕದವನು ಹಗ್ಗಕ್ಕೆ ಕೈಹಾಕಿದ. ಗ್ರೀಸ್ ಹಾಕಿದ ಗಂಟು ಬಹಳ ಭದ್ರವಾಗಿತ್ತು. ಎಲ್ಲರೂ ಸುತ್ತ ನಿಂತು ಕಾಯುತ್ತಿದ್ದರು. ಉಗುರು ಮುರಿದು ರಕ್ತ ಬಂದರೂ ಅದು ಬಿಚ್ಚಲೊಲ್ಲದು.