ಅಕ್ಕನಿಗೆ ಹೇಳಿದ ಸಿನಿಮಾಗಳು

ಈಚೆಗೆ ನೋಡಿದ್ದರಲ್ಲಿ ಯಾವ ಸಿನಿಮಾ ಚೆನ್ನಾಗಿತ್ತು ಎಂದು ಕಾರ್ಖಾನೆಯಲ್ಲಿ ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾಲ್ಕು ತಿಂಗಳಲ್ಲಿ ಮೂವತ್ತು ಸಿನಿಮಾ ನೋಡಿದ್ದೇನೆ. ಒಂದನ್ನೂ ನನಗೋಸ್ಕರ ನೋಡಿದ್ದಲ್ಲ. ಅದರಲ್ಲಿ ಹತ್ತನ್ನೂ ಪೂರ್ತಿ ನೋಡಿಲ್ಲ.

ನನ್ನದು ಶರ್ಟು ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸ. ಹೊಲಿದು ಬಂದ ಶರ್ಟುಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿಕೊಂಡು, ಹೊಲಿಗೆ ತಪ್ಪಿದ ಕಡೆಯೆಲ್ಲ ಕೆಂಪು ಚೀಟಿ ಅಂಟಿಸಬೇಕು. ಸಂಜೆಯಾಗುವಷ್ಟರಲ್ಲಿ ಕಣ್ಣಿಗೆ ಮರಳು ಬಿದ್ದ ಹಾಗಿರುತ್ತದೆ. ಮನೆಗೆ ಒಂದೂವರೆ ಗಂಟೆಯ ಬಸ್ಸು. ಕಿಟಕಿ ಪಕ್ಕ ಜಾಗ ಹಿಡಿದು, ಕಿವಿಗೆ ಇಯರ್‌ಫೋನು ತುರುಕಿಕೊಂಡು, ಅಂಗೈಯಗಲದ ಫೋನಿನಲ್ಲಿ ಅಕ್ಕನಿಗಾಗಿ ಸಿನಿಮಾ ನೋಡುತ್ತೇನೆ.

ಅಕ್ಕ ಮೂವತ್ತೆರಡು ವರ್ಷ ಲೆಕ್ಕದ ಟೀಚರಾಗಿದ್ದವಳು. ನನಗೂ ಸ್ಕೂಲಿನಲ್ಲಿ ಅವಳೇ ಪಾಠ ಹೇಳಿದ್ದು, ನಾನು ಒಮ್ಮೆ ಫೇಲಾದಾಗ ತಂಗಿ ಎಂದು ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ. ಈಗ ಸಿನಿಮಾ, ಹಾಡು, ಪಾಡ್‌ಕಾಸ್ಟು ಎಲ್ಲಕ್ಕೂ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಾಳೆ. ಈಗಿನ ಹಾಡುಗಳಲ್ಲಿ ರಾಗಕ್ಕಿಂತ ಉಸಿರೇ ಹೆಚ್ಚು ಕೇಳಿಸುತ್ತದೆ, ಹಾಡುವವರನ್ನು ಮೊದಲು ಎದೆ ಡಾಕ್ಟರಿಗೆ ತೋರಿಸಬೇಕು ಎನ್ನುತ್ತಾಳೆ. ಮೊನ್ನೆ ಮಾತ್ರ ಒಂದು ಹಾಡಿಗೆ ತೊಂಬತ್ತೊಂದು ಕೊಟ್ಟಳು. ಒಂದು ಕೊಳಲು, ಒಂದು ಹೆಣ್ಣುದನಿ, ಬೇರೇನೂ ಇಲ್ಲ. ನನಗೂ ಹಿಡಿಸಿತು. ಮೂರೂವರೆ ನಿಮಿಷದಲ್ಲಿ ಮುಗಿದದ್ದರಿಂದ ನಿದ್ದೆ ಬರಲು ಪುರಸೊತ್ತಿರಲಿಲ್ಲ.

ನಾನು ಕೆಲಸಕ್ಕೆ ಹೋದ ಮೇಲೆ ಅವಳು ಕೇಳುವುದು ಇಬ್ಬರು ಗಂಡಸರ ಪಾಡ್‌ಕಾಸ್ಟು. ಕಿಸಿಕಿಸಿ ಜೋಡಿ ಎಂದು ಹೆಸರಿಟ್ಟಿದ್ದಾಳೆ. ಮೊದಲ ಹತ್ತು ನಿಮಿಷ ತಮ್ಮ ಜೋಕಿಗೆ ತಾವೇ ನಗುತ್ತಾರಂತೆ, ಅದಕ್ಕೆ ಇಪ್ಪತ್ತು ಅಂಕ ಕಡಿತ. ವಿಷಯಕ್ಕೆ ಬಂದರೆ ಮಾತ್ರ ತೂಕದ ಮಾತಾಡುತ್ತಾರಂತೆ.

ಅಕ್ಕ ಸಿನಿಮಾ ನೋಡುವುದಿಲ್ಲ. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೂತಿರುತ್ತಾಳೆ. ಬರೀ ಸದ್ದು ಕೇಳುವುದೆಂದರೆ ಪಕ್ಕದ ಮನೆಯ ಜಗಳ ಕೇಳಿದ ಹಾಗಾಗುತ್ತದೆ, ಅದರ ಬದಲು ನೀನು ನೋಡಿ ಬಂದು ಕಥೆ ಹೇಳು ಎನ್ನುತ್ತಾಳೆ. ಆ ಪಟ್ಟಿಗೆ ಕಾರಣ ನಾನು.

ಅವಳ ಬಲಗಣ್ಣು ಹೋಗಿ ಎರಡು ವರ್ಷವಾಯಿತು. ಎಡಗಣ್ಣಿನ ಪರೀಕ್ಷೆಯ ವರದಿಗಳನ್ನೆಲ್ಲ ದೊಡ್ಡ ಆಸ್ಪತ್ರೆಗೆ ಕಳಿಸಿದ್ದೆವು. ಉತ್ತರ ಅಂಚೆಯಲ್ಲಿ ಬಂತು. ಅಕ್ಷರ ಸಣ್ಣದು, ನೀನೇ ಓದು ಎಂದಳು. ನರ ಒಣಗಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ, ವರ್ಷದೊಳಗೆ ಈ ಕಣ್ಣಿನ ದೃಷ್ಟಿಯೂ ಹೋಗಬಹುದು ಎಂದು ಬರೆದಿತ್ತು. ಅವಳು ಗಲ್ಲಕ್ಕೆ ಕೈ ಕೊಟ್ಟು ಕಾಯುತ್ತಿದ್ದಳು. ಆರು ತಿಂಗಳು ಕಣ್ಣಿಗೆ ವಿಶ್ರಾಂತಿ ಕೊಡಿ, ಆಮೇಲೆ ಆಪರೇಷನ್ ಮಾಡೋಣ ಎಂದು ಓದಿಬಿಟ್ಟೆ. ಒಂದು ದಿನದ ಮಟ್ಟಿಗೆ ಎಂದುಕೊಂಡಿದ್ದೆ. ಮಾರನೆಯ ಬೆಳಗ್ಗೆ ಅಕ್ಕ ನನ್ನ ಹಳೆಯ ಕರಿ ದುಪಟ್ಟಾ ಹರಿದು ಪಟ್ಟಿ ಮಾಡಿಕೊಂಡಿದ್ದಳು. ಉಳಿದಿರುವಷ್ಟನ್ನು ಆಪರೇಷನ್‌ಗೆ ಜೋಪಾನ ಮಾಡಬೇಕಂತೆ. ಬಿಚ್ಚು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಾನು ಹೇಡಿ. ದಿನಾ ನಾಳೆ ಹೇಳೋಣವೆಂದುಕೊಂಡು ನಾಲ್ಕು ತಿಂಗಳು ತಳ್ಳಿದೆ.

ಸಿನಿಮಾದ ಕಥೆಯೂ ಹಾಗೇ ಆಯಿತು. ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಎಚ್ಚರವಾದರೆ ನನ್ನ ಸ್ಟಾಪು. ಬಸ್ಸಿಳಿದು ಮನೆ ಬಾಗಿಲು ತಲುಪುವುದರೊಳಗೆ ಉಳಿದರ್ಧ ನಾನೇ ಕಟ್ಟುತ್ತಿದ್ದೆ. ಕಳೆದುಹೋದವರು ಸಿಗುತ್ತಿದ್ದರು, ಮುನಿದವರು ಮಾತಾಡುತ್ತಿದ್ದರು. ಅಕ್ಕ ನಲವತ್ತೋ ಐವತ್ತೋ ಕೊಟ್ಟು, ಈ ನಿರ್ದೇಶಕರಿಗೆಲ್ಲ ಏನಾಗಿದೆ ಎಂದು ಗೊಣಗುತ್ತಿದ್ದಳು.

ನಿನ್ನೆ ಮನೆಗೆ ಬಂದಾಗ ಅವಳು ಊಟದ ಮೇಜಿನ ಮುಂದೆ ಕೂತಿದ್ದಳು. ನಾನು ಚೀಲ ಇಳಿಸುವ ಮುಂಚೆಯೇ ಕೇಳಿದಳು.

"ಮರಿ, ಹೋದ ವಾರ ಹೇಳಿದ್ಯಲ್ಲ, ವ್ಯಾನ್ ಓಡಿಸ್ಕೊಂಡು ಮಗಳನ್ನ ಹುಡುಕ್ತಾನಲ್ಲ ಅಪ್ಪ. ಕೊನೇಲಿ ಏನಾಯ್ತು?"

ಮಗಳು ಸಿಕ್ಕಳು, ಹೇಳಿದ್ದೆನಲ್ಲ ಎಂದೆ.

"ಸಿಗಲ್ವಂತೆ. ಅವಳ ಮನೆ ಬಾಗಿಲ ತನಕ ಹೋಗ್ತಾನಂತೆ. ಒಳಗೆ ಅವಳು ನಗೋದು ಕೇಳ್ಸುತ್ತಂತೆ. ಬೆಲ್ ಒತ್ತದೆ ವಾಪಸ್ ಬಂದ್ಬಿಡ್ತಾನಂತೆ. ಇವತ್ತು ಕಿಸಿಕಿಸಿ ಜೋಡಿ ಅರ್ಧ ಗಂಟೆ ಅದನ್ನೇ ಮಾತಾಡಿದ್ರು. ನಿನ್ನ ಕಥೆಗೆ ಐವತ್ತೈದು ಕೊಟ್ಟಿದ್ದೆ. ಇದಕ್ಕಾದ್ರೆ ಎಂಬತ್ತು ಕೊಡ್ತಿದ್ದೆ."

ಸುಸ್ತಾಗಿತ್ತು, ಬಸ್ಸಿನಲ್ಲಿ ನಿದ್ದೆ ಹೋಗಿದ್ದೆ ಎಂದೆ. ಅದು ನಿಜವೇ. ಅವಳು ಸಿಟ್ಟಾಗಲಿಲ್ಲ. ಇಬ್ಬರು ಕಳ್ಳರ ಸಿನಿಮಾ, ವಿಧವೆಯ ಸಿನಿಮಾ ಎಂದು ಒಂದೊಂದನ್ನೇ ಬೆರಳು ಮಡಚಿ ಕೇಳುತ್ತಾ ಹೋದಳು. ಎಲ್ಲದರ ಕೊನೆಯೂ ನನ್ನದೇ ಎಂದು ಒಪ್ಪಿಕೊಂಡೆ.

"ನಾಲ್ಕು ತಿಂಗಳಿಂದ ನಿನ್ನ ಸಿನಿಮಾದಲ್ಲಿ ಒಬ್ರೂ ಸತ್ತಿಲ್ಲ. ನನಗೆ ಯಾವತ್ತೋ ಗೊತ್ತಾಗ್ಬೇಕಿತ್ತು" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಮಡಚಿದ ಬೆರಳುಗಳ ಪಕ್ಕ ಇನ್ನೊಂದನ್ನು ಮಡಚಿದಳು.

"ಆಸ್ಪತ್ರೆ ಕಾಗದ ತಗೊಂಡ್ ಬಾ. ಅದನ್ನೂ ನೀನೇ ತಾನೇ ಓದಿದ್ದು."

ಬೀರುವಿನಿಂದ ತಂದೆ. ಬೇರೆ ಏನಾದರೂ ಓದಬಹುದಿತ್ತು, ಅಷ್ಟು ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ, ಕೆಳಗಿನ ಸಹಿಯವರೆಗೂ ಓದಿದೆ. ತಾರೀಖು ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ ಪಟ್ಟಿಯ ಗಂಟು ಬಿಚ್ಚಿ, ಅದನ್ನು ಮಡಿಸಿ ಮೇಜಿನ ಮೇಲಿಟ್ಟಳು.

"ಇರೋ ಕಣ್ಣನ್ನ ನಾಲ್ಕು ತಿಂಗಳು ಮುಚ್ಚಿಟ್ಕೊಂಡು ಕೂತಿದ್ನಲ್ಲ ಮರಿ" ಎಂದಳು.

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಅಳು ಒತ್ತಿಕೊಂಡು ಬಂತು.

"ಅಳೋದು ಆಮೇಲೆ ಇಟ್ಕೋ. ಆ ಸಿನಿಮಾ ಹಾಕು, ಮೊದಲಿಂದ."

ಟಿವಿಯಲ್ಲಿ ಹಾಕಿದೆ. ಅವಳು ಕುರ್ಚಿಯನ್ನು ಪರದೆಗೆ ಒಂದು ಮೊಳದಷ್ಟು ಹತ್ತಿರ ಎಳೆದುಕೊಂಡು, ಎಡಗಣ್ಣು ಮುಂದೆ ಮಾಡಿ, ಮಕ್ಕಳ ಉತ್ತರಪತ್ರಿಕೆ ನೋಡುವವಳ ಹಾಗೆ ಬಗ್ಗಿ ಕೂತಳು. ನಾನು ಪಕ್ಕದಲ್ಲಿ ನಿಂತೇ ಇದ್ದೆ. ಕಾಲು ಗಂಟೆಯಾದ ಮೇಲೆ ಕೇಳಿದಳು.

"ಆ ವ್ಯಾನ್ ನೀಲಿ ಅಲ್ವಾ?"

ಹೌದು ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು.

"ಇಲ್ಲಕ್ಕ. ಹಸಿರು."

"ಹಸಿರಾ" ಎಂದಳು ಅಕ್ಕ, ಕುರ್ಚಿಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು.