ಅರ್ಧ ಇಂಚು ಬಿಗಿ

ಉದ್ದ ಮಾಡಿಕೊಡೆಂದು ಮಗ ಕೊಟ್ಟಿದ್ದ ಪ್ಯಾಂಟಿನ ಜೇಬನ್ನು ಒಳಮಗ್ಗುಲು ತಿರುವುವಾಗ ದರ್ಜಿಯ ಹೆಬ್ಬೆರಳಿಗೆ ಸೂಜಿ ಚುಚ್ಚಿತು. ಚುಚ್ಚಿಸಿಕೊಳ್ಳುವುದು ಅವಳಿಗೇನೂ ಹೊಸದಲ್ಲ. ಕಸುಬು ಹಿಡಿದಾಗಿನಿಂದ ಬೆರಳ ತುದಿ ದಡ್ಡುಗಟ್ಟಿತ್ತು. ಆದರೆ ಇದು ಹೊಲಿಗೆಯ ಸೂಜಿಯಲ್ಲ, ಇಂಜೆಕ್ಷನ್ನಿನದು. ಜೊತೆಗೆ ರಬ್ಬರ್ ಮುಚ್ಚಳದ ಪುಟ್ಟ ಸೀಸೆ, ತಳದಲ್ಲಿ ಎಣ್ಣೆಯಂಥ ಹಳದಿ ಔಷಧಿ.

ಪಕ್ಕದಲ್ಲಿ ಗುಂಡಿ ಹಾಕುತ್ತಿದ್ದ ತಂಗಿ ಕತ್ತು ಚಾಚಿದಳು. "ಹಾಗಾದ್ರೆ ಹುಡುಗನಿಗೆ ರಟ್ಟೆ ಬಂದಿದ್ದು ಇದ್ರಿಂದ, ನಿನ್ನ ಕೈಯಡುಗೆಯಿಂದ ಅಲ್ಲ ಬಿಡಕ್ಕ," ಎಂದವಳು ತಾನೇ ತುಟಿ ಕಚ್ಚಿಕೊಂಡಳು.

ಹದಿನಾರರ ಹುಡುಗ, ಶಾಲೆಯ ತಂಡದಲ್ಲಿ ಗುಂಡು ಎಸೆಯುತ್ತಿದ್ದ. ಊರವರ ಬಾಯಲ್ಲಿ ಅವನ ಹೆಸರು ಇನ್ನೂ ಕಡ್ಡಿಯೇ. ಈಗ ನೋಡಿದರೆ ಬಾಗಿಲ ತುಂಬ ನಿಲ್ಲುತ್ತಾನೆ. ಈ ವರ್ಷ ಅವನ ಅಂಗಿಯ ಹೊಲಿಗೆಯನ್ನು ಅವಳು ಎರಡು ಸಲ ಬಿಚ್ಚಿ ಸಡಿಲಿಸಿದ್ದಳು. ಬೆನ್ನ ತುಂಬ ಮೊಡವೆ, ಮಾತೆತ್ತಿದರೆ ಸಿಡುಕು. ವಯಸ್ಸಿಗೆ ಬಂದಿದ್ದಾನೆ ಎಂದು ಹೆಮ್ಮೆಯಿಂದಲೇ ಸುಮ್ಮನಿದ್ದಳು.

ಸಂಜೆ ಅವನು ಬಂದಾಗ ಸೀಸೆ ಮಿಷನ್ನಿನ ಹಲಗೆಯ ಮೇಲಿತ್ತು.

"ಗೆಲ್ಲೋಕೆ ಇಂಥದ್ದು ಬೇಕೇನೋ?"

"ಗೆಲ್ಲೋಕೆ ಯಾರು ತಗೊಂಡ್ರು? ಹೋದ್ಸಲ ಇದಿಲ್ದೇನೇ ಎರಡನೇ ಬಹುಮಾನ ಬಂತಲ್ಲ. ವೇದಿಕೆ ಹತ್ತಿದ್ರೆ, 'ಗುಂಡು ಎಸೆದೋನು ಎಲ್ಲಿ ಮರಿ, ಅವನನ್ನ ಕಳ್ಸು' ಅಂದ್ರು. ಎಲ್ರೂ ನಕ್ಕರು." ಅವನು ಕಿಟಕಿಯ ಕಡೆ ತಿರುಗಿದ. "ನಾನೂ ನಕ್ಕೆ."

"ಈಗ ಯಾರು ನಗ್ತಾರೆ? ಆನೆ ಮರಿ ಥರ ಇದ್ದೀಯ."

"ಸುಳ್ಳು ಹೇಳ್ಬೇಡ. ಕನ್ನಡೀಲಿ ಅದೇ ಕಡ್ಡಿ ಕಾಣುತ್ತೆ. ಅಂಗಿ ಬಿಗಿ ಆದಾಗ ಮಾತ್ರ ನಂಬ್ತೀನಿ."

ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ ಟೇಪು ಸುತ್ತತೊಡಗಿದಳು.

ಪೇಟೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಬೈಯಲಿಲ್ಲ. ಮೈ ತಾನೇ ಹಾರ್ಮೋನು ತಯಾರಿಸುವುದನ್ನು ಮರೆತಿದೆ, ಔಷಧಿ ಬಿಟ್ಟ ಮೇಲೂ ನೆನಪಾಗಲು ತಿಂಗಳುಗಳೇ ಬೇಕು; ಅಲ್ಲಿಯವರೆಗೆ ಮೈ ಇಳಿಯುತ್ತದೆ, ಮನಸ್ಸು ಅದಕ್ಕಿಂತ ಹೆಚ್ಚು ಇಳಿಯುತ್ತದೆ, ಒಬ್ಬನನ್ನೇ ಬಿಡಬೇಡಿ ಎಂದರು. ಬಸ್ಸಿನಲ್ಲಿ ಹುಡುಗ ಆಡಿದ್ದು ಇಷ್ಟೇ: "ಬಿಡ್ತೀನಿ. ಆದ್ರೆ ಅಂಗಿ ಸಡಿಲ ಆದ ದಿನ ಮತ್ತೆ ಶುರು ಮಾಡ್ತೀನಿ. ಆಮೇಲೆ ಅಳ್ಬೇಡ."

ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಹೆಗಲ ಮೇಲೆ ಬಟ್ಟೆ ಸುಕ್ಕು ಬೀಳತೊಡಗಿತು. ಅವನಿನ್ನೂ ಗಮನಿಸಿರಲಿಲ್ಲ, ದರ್ಜಿಯ ಕಣ್ಣು ಬಿಟ್ಟೀತೇ? ಅವನು ಶಾಲೆಗೆ ಹೋದ ಮೇಲೆ, ಅವನಿಗೆ ಇಷ್ಟದ ನೀಲಿ ಅಂಗಿಯನ್ನು ಮಗುಚಿ, ಕಂಕುಳಿಂದ ಕೆಳಗೆ ಸೀಮೆಸುಣ್ಣದ ಗೀಟೆಳೆದು, ಅರ್ಧ ಇಂಚು ಒಳಗೆ ಹೊಲಿಯಲು ಕೂತಳು.

"ಅಕ್ಕಾ, ಮತ್ತೆ ಅದೇ ಕೆಲಸಾನಾ?"

ಅದೇ ಕೆಲಸ. ಕಡ್ಡಿ ಎನ್ನಿಸಿಕೊಂಡು ಅಳುತ್ತ ಬರುತ್ತಿದ್ದ ಕಾಲದಲ್ಲಿ ಮಗನ ಪ್ರತಿ ಹೊಸ ಅಂಗಿಯನ್ನೂ ಬೇಕೆಂದೇ ಅರ್ಧ ಇಂಚು ಬಿಗಿ ಹೊಲಿದು, 'ನೋಡೋ, ಅಳತೆ ತಗೊಂಡು ವಾರ ಆಗಿಲ್ಲ, ಆಗ್ಲೇ ಬೆಳೆದ್ಬಿಟ್ಟೆ' ಎನ್ನುತ್ತಿದ್ದಳು. ಹುಡುಗ ಎದೆಯುಬ್ಬಿಸಿ ಬೀದಿಗೊಂದು ಸುತ್ತು ಹಾಕಿ ಬರುತ್ತಿದ್ದ.

ಪೆಡಲಿನ ಮೇಲೆ ಕಾಲು ನಿಂತಿತು. ಹೊಲಿದರೆ ಈ ತಿಂಗಳು ಅವನು ಸೂಜಿ ಮುಟ್ಟುವುದಿಲ್ಲ. ಮುಂದಿನ ತಿಂಗಳು ಮತ್ತೆ ಅರ್ಧ ಇಂಚು, ಆಮೇಲೆ ಮತ್ತೆ. ಹೊಲಿದಷ್ಟನ್ನೂ ಬಿಚ್ಚಿದಳು. ಗೀಟನ್ನು ಒರೆಸಲಿಲ್ಲ.

ದರ್ಜಿಯ ಮಗನಿಗೆ ಗೀಟು ಓದಲು ಯಾರೂ ಕಲಿಸಬೇಕಿಲ್ಲ. "ಈ ಗೀಟ್ಯಾಕೆ ಒಳಗೆ ಹೋಗಿದೆ?" ಎಂದ, ಬಂದವನೇ. ಅವಳು ಹಳೆಯದನ್ನೂ ಸೇರಿಸಿ ಹೇಳಿಬಿಟ್ಟಳು.

"ಹಾಗಾದ್ರೆ ಆವಾಗ ನಾನು ಬೆಳೆದೇ ಇರ್ಲಿಲ್ವಾ?"

"ಬೆಳೀತಿದ್ದೆ ಕಣೋ. ಅಂಗಿ ಹೇಳಿದಷ್ಟಲ್ಲ."

ಅಂಗಿಯನ್ನು ಮೂಲೆಗೆಸೆದು ಅವನು ಹೊರಟುಹೋದ. ಚಿಕ್ಕಮ್ಮ ಸೂಜಿ ದಾರ ಅಲ್ಲೇ ಬಿಟ್ಟು ಹಿಂದೆಯೇ ಓಡಿದಳು. ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ತಿರುಗಿ ಬಂದರು.

"ಕಾಲುವೆ ದಂಡೆ ಪೂರ್ತಿ ನಡೆಸಿದ. ನನ್ನ ಮಂಡಿ ಕಥೆ ಮುಗೀತು," ಎಂದು ಚಿಕ್ಕಮ್ಮ ಗೋಡೆಗೊರಗಿದಳು.

ಹುಡುಗ ಗೂಟದಿಂದ ಟೇಪು ತೆಗೆದು ಅಮ್ಮನ ಕೈಗಿಟ್ಟು, ತೋಳು ಅಗಲಿಸಿ ನಿಂತ.

"ಎಳೀಬೇಡ. ಸಡಿಲಾನೂ ಬಿಡ್ಬೇಡ."

ಅಂಕಿಯನ್ನು ತಲೆ ಬಗ್ಗಿಸಿ ತಾನೇ ಓದಿದ. ಇನ್ನೊಮ್ಮೆ ಓದಿದ. ಇಳಿದಿತ್ತು.

"ಇದಕ್ಕೇ ಹೊಲಿ," ಎಂದ. "ಒಳಗಿರೋ ಬಟ್ಟೆ ಕತ್ತರಿಸ್ಬೇಡ. ಮುಂದೆ ಬೆಳೆದಾಗ ಬಿಚ್ಚೋಕೆ ಬೇಕಾಗುತ್ತೆ."

"ದರ್ಜಿ ನಾನೋ ನೀನೋ?" ಎನ್ನುತ್ತ ಅವಳು ಹಳೆಯ ಗೀಟನ್ನು ಒರೆಸಿದಳು.