ಕಂಚಿನ ಕಂಠದ ಸಾಕ್ಷಿ

ಗುಮಾಸ್ತನ ಬಲಗಾಲು ಬೂಟಿನಿಂದ ಹೊರಗೆ ಬಂದಿದೆ, ಕಾಲುಚೀಲದ ತುದಿಯಲ್ಲಿ ತೂತು, ತೂತಿನಿಂದ ಇಣುಕುವ ಹೆಬ್ಬೆರಳಲ್ಲಿ ಎಡಗಾಲಿನ ಮೀನಖಂಡ ಕೆರೆದುಕೊಳ್ಳುತ್ತಿದ್ದಾನೆ, ಮೇಜಿನ ಮೇಲೆ ಮಾತ್ರ ಮುಖ ಗಂಟು ಹಾಕಿಕೊಂಡು ನನ್ನ ಕಡತ ತಿರುವುತ್ತಿದ್ದಾನೆ — ಪರೇಡಿನಲ್ಲಿ ಹೀಗೆ ನಿಂತಿದ್ದರೆ ಡ್ರಿಲ್ ಮಾಸ್ತರ ನಿನ್ನ ಚರ್ಮ ಸುಲಿಯುತ್ತಿದ್ದ ಮಾರಾಯ — ನಗು ಬರುತ್ತಿದೆ, ನಗಬಾರದು, ನಕ್ಕರೆ ಬೆನ್ನಿನೊಳಗಿನ ಬಾಂಬಿನ ಚೂರು ಕದಲುತ್ತದೆ, ನೋಡು, ಕದಲಿತು, ಸೊಂಟದಿಂದ ಮೊಣಕಾಲಿನವರೆಗೆ ಬೆಂಕಿಯ ಗೆರೆ. ಉಗುರಿನಷ್ಟು ಕಬ್ಬಿಣ, ಇಷ್ಟು ವರ್ಷ ತೆಪ್ಪಗಿದ್ದು ಈಗ ಬೆನ್ನುಮೂಳೆಯ ಕಡೆಗೆ ತೆವಳುತ್ತಿದೆ, ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, ಸೈನಿಕರ ಆಸ್ಪತ್ರೆಗೇ ಹೋಗಿ, ಇದನ್ನ ತೆಗೆಯೋ ಕೈ ಅಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ, ತಡ ಮಾಡಿದ್ರೆ ಎರಡೂ ಕಾಲು ಹೋಗತ್ತೆ ಅಂದರು. ಹೋದೆ. ಗೇಟಿನವನು ಕಾರ್ಡು ನೋಡಿದ, ಕಾರ್ಡಿನ ಮೀಸೆ ನೋಡಿದ, ನನ್ನ ಕಿವಿಯ ಓಲೆ ನೋಡಿದ, ಯಜಮಾನ್ರೇ ಬರ್ಬೇಕಲ್ಲಮ್ಮ. ಅವರು ಬರೋ ಸ್ಥಿತೀಲಿಲ್ಲಪ್ಪ. ಹಾಗಾದ್ರೆ ಎತ್ಕೊಂಡಾದ್ರೂ ಬನ್ನಿ, ನಾನೇ ಒಂದು ಕೈ ಕೊಡ್ತೀನಿ. ಒಳ್ಳೆಯ ಮನುಷ್ಯ, ನಿಜಕ್ಕೂ ಪಾಪ ಅನ್ನಿಸಿಯೇ ಹೇಳಿದ, ಬಸ್ಸು ಬರುವವರೆಗೆ ನಕ್ಕೆ, ಬಸ್ಸು ಹತ್ತಿದ ಮೇಲೆ ಅತ್ತೆ. ನಾನು ಹೆಣ್ಣು ಅಂತ ಕೋರ್ಟಿನ ಆದೇಶ ಇದೆ, ಹೊಸ ಹೆಸರಿನ ಗುರುತಿನ ಚೀಟಿ ಇದೆ, ಸೇನೆಯ ದಾಖಲೆಯಲ್ಲಿ ಮಾತ್ರ ಆ ಮೀಸೆಯವನು ಜಪ್ಪಯ್ಯ ಅಂದರೂ ಜಾಗ ಬಿಡುತ್ತಿಲ್ಲ. ಹೆಸರು ಬದಲಾಯ್ಸೋದು ದೊಡ್ಡ ಮಾತಲ್ಲ ಮೇಡಂ, ಅನ್ನುತ್ತಾನೆ ಈ ದಾಖಲೆ ಕಚೇರಿಯ ಗುಮಾಸ್ತ, ಆದ್ರೆ ಆ ಸೈನಿಕ ನೀವೇ ಅನ್ನೋದಕ್ಕೆ ಏನು ಗ್ಯಾರಂಟಿ, ಬೆರಳಚ್ಚೂ ಹೊಂದ್ತಾ ಇಲ್ಲ — ಹೇಗೆ ಹೊಂದೀತು, ಬೆರಳ ತುದಿಗಳನ್ನು ಉರಿಯುವ ಜೀಪಿನ ಬಾಗಿಲಿಗೆ ಕೊಟ್ಟು ಬಂದೆನಲ್ಲ — ನಿಮ್ಮ ಜೊತೆ ಕೆಲಸ ಮಾಡಿದೋರು ಯಾರಾದ್ರೂ ಬಂದು ಹೌದು ಇವರೇ ಅಂದ್ರೆ ಇವತ್ತೇ ಮುಗಿಸಿಕೊಡ್ತೀನಿ. ಜೊತೆಗಿದ್ದವರಲ್ಲಿ ಬದುಕಿ ಉಳಿದವನು ಗೂಬೆ ಒಬ್ಬನೇ, ಕಚೇರಿಯವರೇ ಕರೆಸಿದ್ದಾರೆ, ಈಗ ಬರುತ್ತಾನೆ.

ದೊಡ್ಡ ಕಣ್ಣು ನೋಡಿ ಇಟ್ಟ ಹೆಸರು ಗೂಬೆ, ಈಗ ಕಣ್ಣು ಹೋಗಿ ಹೆಸರು ಉಳಿದಿದೆ, ನನ್ನದು ತಿರುಗಾಮುರುಗಾ, ನನ್ನ ಹೆಸರು ಹೋಗಬೇಕು, ನಾನು ಉಳಿಯಬೇಕು. ಅವನು ಕೆಳಗೆ ಜೀಪಿನಲ್ಲಿ, ನಾನು ಗುಡ್ಡದ ಮೇಲಿನ ಠಾಣೆಯಲ್ಲಿ, ನಡುವೆ ವೈರ್‌ಲೆಸ್ಸು, ಅವನಿಗೆ ಕೆಲಸ ಕಲಿಸಿದ್ದೇ ನಾನು, ಆ ತುದಿಯವನು ಓವರ್ ಅನ್ನುವ ತನಕ ತುಟಿ ಬಿಚ್ಚಬೇಡ, ನೀನು ಓವರ್ ಅಂದ ಮೇಲೆ ಉಸಿರು ಬಿಗಿಹಿಡಿದು ಕೇಳು, ಗುಟ್ಟಿನ ಸಂಕೇತದ ಮಾತು ಶತ್ರುವಿಗೂ ಗೊತ್ತಾಗಿರುತ್ತದೆ, ಅದನ್ನು ನಂಬಬೇಡ, ದನಿಯನ್ನು ನಂಬು, ದನಿಯನ್ನು ಯಾರೂ ಕದಿಯಲಾರರು. ನನ್ನನ್ನು ಕಂಚು ಅನ್ನುತ್ತಿದ್ದರು, ಕಂಚಿನ ಕಂಠ, ಇವನು ಬಾಯಿ ತೆರೆದ್ರೆ ವೈರ್‌ಲೆಸ್ ಯಾಕ್ರೋ, ಕಿಟಕಿ ತೆರೆದ್ರೆ ಸಾಕು. ಅವರೆಲ್ಲ ಮೆಚ್ಚಿದ ಆ ದನಿ ನನಗೆ ಬೇರೆ ಯಾರದೋ ಕೋಟು ತೊಟ್ಟ ಹಾಗಿತ್ತು, ಮಾತು ಮುಗಿದ ಮೇಲೂ ಗಂಟಲಲ್ಲಿ ಯಾರೋ ಕುಳಿತಂತೆ. ಅದನ್ನು ಹೊರಗೆ ಹಾಕುವುದಕ್ಕೆ ಪಟ್ಟ ಪಾಡು ನನಗೇ ಗೊತ್ತು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕತ್ತು ನೋಯುವವರೆಗೆ, ಎದೆಯಿಂದ ಬೇಡ, ಮೂಗಿನ ಹಿಂದಿನಿಂದ ತನ್ನಿ ಅನ್ನುತ್ತಿದ್ದರು ಸಂಗೀತದ ಟೀಚರಮ್ಮ, ಒಂದು ಸೀನು ಬಂದರೆ ಸಾಕು, ಹಾಲು ಉಕ್ಕಿದ ಹಾಗೆ ಹಳೆಯವನು ಹೊರಗೆ. ಕೊನೆಗೊಂದು ದಿನ ನನ್ನ ರಿಪೇರಿ ಅಂಗಡಿಗೆ ಫೋನು ಬಂತು, ಯಾವಳೋ ಗುರುತಿಲ್ಲದ ಹುಡುಗಿ, ನನ್ನ ಮುಖ ಕಂಡವಳಲ್ಲ, ಹಲೋ ಅಂದೆ, ಅಕ್ಕಾ, ನಮ್ಮ ಫ್ಯಾನು ಆಯ್ತಾ ಅಂದಳು. ಅಕ್ಕಾ ಅಂದಳು! ಬರೀ ದನಿ ಕೇಳಿ. ಆವತ್ತು ಮಧ್ಯಾಹ್ನವೇ ಅಂಗಡಿ ಮುಚ್ಚಿ ಮನೆಗೆ ಹೋಗಿ ಮಲಗಿಬಿಟ್ಟೆ, ಸುಖಕ್ಕೆ. ಗೂಬೆಗೆ ಮಾತ್ರ ಒಂದು ಸಾಲು ಬರೆಯಲಿಲ್ಲ, ಹೆದರಿಕೆ, ಜಗತ್ತೆಲ್ಲ ಥೂ ಅಂದರೂ ತಡೆದುಕೊಂಡೇನು, ಆ ಗೂಬೆ ಅಂದರೆ ತಡೆದುಕೊಳ್ಳಲಾರೆ. ನೆಲಬಾಂಬಿಗೆ ಜೀಪು ಸಿಕ್ಕಿದ ದಿನ ಅವನು ಕೇಳಿದ ಕೊನೆಯ ಮಾತು ನನ್ನದೇ, ಅಲ್ಲಾಡಬೇಡ, ಬರ್ತಿದೀನಿ, ಓವರ್, ಅಂದವನೇ, ಅಂದವಳೇ, ವೈರ್‌ಲೆಸ್ಸು ಬಿಸಾಕಿ ಗುಡ್ಡ ಇಳಿದು ಓಡಿದೆ, ಎಳೆದು ಹಾಕುವಾಗ ಅವನಿಗೆ ಪ್ರಜ್ಞೆ ಇರಲಿಲ್ಲ, ಜೀಪು ಇನ್ನೊಮ್ಮೆ ಸಿಡಿಯಿತು, ಆಮೇಲೆ ಅವನೊಂದು ಆಸ್ಪತ್ರೆ, ನಾನೊಂದು ಆಸ್ಪತ್ರೆ.

ಬಾಗಿಲು ತೆರೆದುಕೊಂಡಿತು, ಮಗಳ ಹೆಗಲ ಮೇಲೆ ಕೈಯಿಟ್ಟು ಬಂದ, ಅಯ್ಯೋ ಎಷ್ಟು ಸಣ್ಣಗಾಗಿದ್ದಾನೆ, ಕರಿ ಕನ್ನಡಕ, ಶರಟಿನ ಗುಂಡಿ ಕತ್ತಿನವರೆಗೆ ಹಾಕಿದ್ದಾನೆ, ಸರ್ಕಾರಿ ಕೆಲಸ ಅಂದರೆ ಇವನಿಗೆ ಇನ್ನೂ ಪರೇಡೇ. ಗುಮಾಸ್ತ ಬೂಟಿನೊಳಗೆ ಕಾಲು ತೂರಿಸಿ ಎದ್ದು ಅವನನ್ನು ಕೂರಿಸಿದ, ಸಾರ್, ವಿಷಯ ಫೋನಲ್ಲೇ ಹೇಳಿದೀನಿ, ಇವರೇ ನಿಮ್ಮ ಸ್ನೇಹಿತ ಆಗಿದ್ದೋರು ಅಂತಾರೆ. ಗೂಬೆ, ಅಂದೆ, ಹೇಗಿದ್ದೀಯೋ. ಕಿವಿ ಕೊಟ್ಟು ಕೇಳಿದ. ಅಡ್ಡಡ್ಡ ತಲೆಯಾಡಿಸಿದ. ಇದು ಅವನ ದನಿ ಅಲ್ಲ, ಅಂದ. ಹೇಳಿದೆ, ಗೂಬೆ, ನೀನು ನಿದ್ದೇಲಿ ಅಮ್ಮನ ಹತ್ರ ಜಗಳ ಆಡ್ತಿದ್ದೆ, ನನ್ನ ಬೂಟು ಕದ್ದು ಹಾಕ್ಕೊಂಡು ಕಾಲಲ್ಲಿ ಬೊಬ್ಬೆ ಎಬ್ಬಿಸ್ಕೊಂಡಿದ್ದೆ, ಮಗಳು ಹುಟ್ಟಿದ ಸುದ್ದಿ ಬಂದಾಗ ವೈರ್‌ಲೆಸ್ಸಲ್ಲಿ ಅತ್ತೆ, ಸಾಹೇಬರಿಗೆ ನಾನು ಅದು ನೆಗಡಿ ಅಂತ ಹೇಳಿದ್ದೆ. ಮಗಳು ನನ್ನ ಕಡೆ ನೋಡಿದಳು, ಮೂವತ್ತು ದಾಟಿದ ಹೆಂಗಸು, ಕಣ್ಣು ಅಪ್ಪನದೇ, ಅಷ್ಟೇ ದೊಡ್ಡವು. ಅವನು ಮೆಲ್ಲಗೆ ಅಂದ, ಅಮ್ಮಾ, ನಿಮ್ಮ ಮೇಲೆ ನಂಗೇನೂ ಸಿಟ್ಟಿಲ್ಲ, ಇವೆಲ್ಲ ಅವನು ಯಾರಿಗಾದ್ರೂ ಹೇಳಿರ್ಬಹುದು, ಮಾತನ್ನ ನಂಬಬೇಡ ದನೀನ ನಂಬು ಅಂತ ಅವನೇ ಕಲಿಸಿದ್ದು, ಗೊತ್ತಿಲ್ಲದ ದನಿಗೆ ಹೌದು ಅಂತ ಹೆಬ್ಬೆಟ್ಟು ಒತ್ತಿದ್ರೆ ಅವನಿಗೆ ಮೋಸ ಮಾಡಿದ ಹಾಗೆ. ಶಹಭಾಸ್ ಕಣೋ ಗೂಬೆ, ಎಂಥ ಶಿಷ್ಯನನ್ನು ತಯಾರು ಮಾಡಿದ್ದೇನೆ, ನನಗೇ ಬಾಗಿಲು ಹಾಕಿದ. ಗುಮಾಸ್ತನ ಮುಖ ಅರಳಿತು, ಅಷ್ಟೇ ತಾನೆ ಮೇಡಂ, ಹಳೇ ದನೀಲಿ ಒಂದು ಮಾತು ಆಡ್ಬಿಡಿ, ಒಂದು ನಿಮಿಷದ ಕೆಲಸ.

ಒಂದು ನಿಮಿಷದ ಕೆಲಸ, ಹೌದಪ್ಪ, ಹೆಣವನ್ನು ಎಬ್ಬಿಸಿ ಕೂರಿಸಿ ನಾನು ಸತ್ತಿದ್ದೇನೆ ಅಂತ ಅದರ ಬಾಯಿಂದಲೇ ಹೇಳಿಸುವ ಕೆಲಸ. ಬೇಡ ಅಂದು ಎದ್ದು ಹೋಗಬಹುದು, ಹೋಗುವುದು ಎಲ್ಲಿಗೆ, ಎರಡು ಕಾಲು ಬೇಕಲ್ಲ ಹೋಗುವುದಕ್ಕೂ. ಇನ್ನು ಬಂದೀತೇ ಆ ದನಿ, ಬರದಿರಲಿ ಅಂತ ಬೇಡಿಕೊಳ್ಳುತ್ತಲೇ ಗದ್ದವನ್ನು ಎದೆಗೆ ಒತ್ತಿದೆ, ಎದೆಯ ಅಡಿಯಿಂದ ಎಳೆದೆ — ಬಂತು, ಇಡೀ ಇಡಿಯಾಗಿ ಬಂತು, ಒಂದಿಷ್ಟೂ ತುಕ್ಕು ಹಿಡಿಯದೆ, ಗೂಬೆ, ಗೂಬೆ, ಕಂಚು ಮಾತಾಡ್ತಿದೀನಿ, ಅಲ್ಲಾಡಬೇಡ, ಬರ್ತಿದೀನಿ, ಓವರ್. ಪಕ್ಕದ ಕೋಣೆಯ ಟೈಪಿನ ಸದ್ದು ನಿಂತಿತು. ಅವನು ಕುರ್ಚಿಯಲ್ಲಿ ನೆಟ್ಟಗಾದ, ಬಾಯಿಯ ಹತ್ತಿರ ಮುಷ್ಟಿ ಹಿಡಿದ, ಇಲ್ಲದ ಮೈಕು, ಕಂಚು, ಗೂಬೆ ಮಾತಾಡ್ತಿದೀನಿ, ಕೇಳಿಸ್ತಿದೆ, ಸ್ಪಷ್ಟವಾಗಿ ಕೇಳಿಸ್ತಿದೆ, ಎಲ್ಲಿ ಹಾಳಾಗಿ ಹೋಗಿದ್ಯೋ, ಓವರ್. ಕರಿ ಕನ್ನಡಕದ ಕೆಳಗಿಂದ ನೀರು. ಇವರೇ ತಾನೆ ಸಾರ್? ಅವನೇ ಸಾಹೇಬ್ರೆ, ಅವನೇ, ತನ್ನಿ ಹೆಬ್ಬೆಟ್ಟು ಒತ್ತುತೀನಿ. ಗುಮಾಸ್ತ ಅವನ ಹೆಬ್ಬೆರಳನ್ನು ಮಸಿಗೆ ಅದ್ದಿ ಒತ್ತಿಸಿದ, ಸೀಲು ಹಾಕಿದ, ನನ್ನ ಹೆಸರನ್ನು, ನನ್ನದನ್ನು, ದೊಡ್ಡದಾಗಿ ಓದಿದ, ಬೇಗ ಹೊಸ ಕಾರ್ಡು ಮಾಡಿಸಿಕೊಡ್ತೀನಿ, ಆಸ್ಪತ್ರೆಗೂ ತಿಳಿಸ್ತೀನಿ ಮೇಡಂ. ಆಯಿತು. ಕಾಲು ಉಳಿಯಿತು, ಹೆಸರು ಸಿಕ್ಕಿತು, ಸಂತೋಷವಾಗಬೇಕು, ಆಗುತ್ತದೆ, ಸ್ವಲ್ಪ ಹೊತ್ತಿಗೆ ಆಗುತ್ತದೆ. ಬಗ್ಗಿ ಅವನ ಕೈ ಹಿಡಿದುಕೊಂಡೆ, ನನ್ನ ದನಿಯಲ್ಲಿ, ಅಕ್ಕಾ ಅನ್ನಿಸಿಕೊಂಡ ದನಿಯಲ್ಲಿ, ಇಲ್ಲೇ ಇದೀನಿ ಕಣೋ ಗೂಬೆ ಅಂದೆ. ಕೈ ಬಿಡಿಸಿಕೊಂಡ, ಮೆತ್ತಗೇ ಬಿಡಿಸಿಕೊಂಡ. ಅಮ್ಮಾ, ಒಂಚೂರು ಸುಮ್ನಿರಿ, ಲೈನಲ್ಲಿ ಅವನಿದ್ದಾನೆ. ಮಗಳು ಅಪ್ಪಾ ಅಂದಳು, ಅವಳಿಗೂ ಸುಮ್ಮನಿರು ಅಂತ ಕೈ ಎತ್ತಿದ, ಮಸಿ ಹಿಡಿದ ಹೆಬ್ಬೆರಳು, ಉಸಿರು ಬಿಗಿಹಿಡಿದಿದ್ದಾನೆ, ನಾನು ಕಲಿಸಿದ ಹಾಗೆಯೇ, ಓವರ್ ಅಂದಾಗಿದೆ, ಇನ್ನು ಆ ತುದಿಯವನು ಮಾತಾಡಬೇಕು, ಕಿವಿಯನ್ನು ನನ್ನ ಎದೆಯ ಕಡೆಗೆ ತಿರುಗಿಸಿಕೊಂಡು ಕೂತಿದ್ದಾನೆ, ನನ್ನ ಎದೆಯ ಕಡೆಗೆ, ಕಂಚಿನ ದನಿ ಬರುವ ಕಡೆಗೆ.